ನಾಲ್ಕು ಜನರ ಚಾರಣಕ್ಕೆ ಗ್ರಾವಿಟಿ ಫಿಲ್ಟರ್: ರೆಡಿಮೇಡ್ ಕಿಟ್ ತಗೊಳ್ಳಬೇಕಾ, ನಾವೇ ಜೋಡಿಸಿಕೊಳ್ಳಬಹುದಾ?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥ ಮಾಡಿಕೊಂಡಿದ್ದು ಹೀಗೆ. ನಾಲ್ಕು ಜನ, ಐದು ದಿನದ ಚಾರಣ. ದಾರಿಯಲ್ಲಿ ಸಿಗುವುದು ತೊರೆ ನೀರು, ಒಂದೆರಡು ಕಡೆ ನಿಂತ ಕೊಳ. ಕೈಯಲ್ಲಿ ಹಿಂಡುವ ಫಿಲ್ಟರ್ ಒಂದು ಆಗಲೇ ನಿಮ್ಮ ಹತ್ತಿರ ಇದೆ. ಅದಕ್ಕೇ ಚೀಲ, ಪೈಪು ಸೇರಿಸಿ ಮರಕ್ಕೆ ನೇತುಹಾಕಿದರೆ ಸಾಕಾ, ಇಲ್ಲ ರೆಡಿಮೇಡ್ ಕಿಟ್ ಬೇಕಾ? ವೈರಸ್ಸನ್ನೂ ಇದು ತಡೆಯುತ್ತಾ?

ಫಿಲ್ಟರ್ ಸುಸ್ಥಿತಿಯಲ್ಲಿದ್ದರೆ ನೀವೇ ಜೋಡಿಸಿಕೊಳ್ಳಿ. ದುಡ್ಡು ಖರ್ಚು ಮಾಡಲೇಬೇಕು ಅಂದರೆ ಒಳ್ಳೇ ಚೀಲಕ್ಕೆ ಮಾಡಿ. ವೈರಸ್ ತಡೆಯಲ್ಲ. ಅದಕ್ಕೆ ಬೇರೆ ದಾರಿ ಇದೆ, ಆಮೇಲೆ ಹೇಳುತ್ತೇನೆ.

ಹೊಸಬರು ಎಲ್ಲರೂ ಮೊದಲು ಬೀಳುವುದು ಮೈಕ್ರಾನ್ ಲೆಕ್ಕದ ಬೆನ್ನಿಗೆ. ನಾನೂ ಬಿದ್ದಿದ್ದೆ. ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು, ಫಿಲ್ಟರಿನ ರಂಧ್ರವನ್ನು ಅಳೆಯುವುದು ಇದರಲ್ಲೇ. ಹಿಂಡುವ ಫಿಲ್ಟರುಗಳಲ್ಲಿ ಸಾಯರ್ ಸ್ಕ್ವೀಜ್ 0.1 ಮೈಕ್ರಾನ್, ಕಟಡಿನ್ ಬಿಫ್ರೀ ಕೂಡ 0.1, ರೆಡಿಮೇಡ್ ಕಿಟ್ ಆದ ಪ್ಲಾಟಿಪಸ್ ಗ್ರಾವಿಟಿವರ್ಕ್ಸ್ 0.2. ಹೊಟ್ಟೆ ಕೆಡಿಸುವ ಪರೋಪಜೀವಿ ಜಿಯಾರ್ಡಿಯಾದ ಗಾತ್ರ ಸುಮಾರು 8ರಿಂದ 12 ಮೈಕ್ರಾನ್. ಅಂಥದ್ದೇ ಇನ್ನೊಂದು, ಕ್ರಿಪ್ಟೋಸ್ಪೊರಿಡಿಯಂ (ಕ್ರಿಪ್ಟೋ), 4ರಿಂದ 6. ಇ. ಕೋಲಿಯಂಥ ಬ್ಯಾಕ್ಟೀರಿಯಾದ ದಪ್ಪ ಅರ್ಧ ಮೈಕ್ರಾನಿನ ಆಸುಪಾಸು. ಅಂದಮೇಲೆ 0.2 ಆದರೇನು, 0.1 ಆದರೇನು, ಇವೆಲ್ಲ ಹೊರಗೇ ಉಳಿಯುತ್ತವೆ. ಮೂರರ ಒಳಗೂ ಇರುವುದು ಒಂದೇ ಜಾತಿಯ ಸಾಮಾನು: ದಾರದಷ್ಟು ಸಪೂರವಾದ ಟೊಳ್ಳು ನಾರುಗಳ ಕಟ್ಟು. ನಾರಿನ ಗೋಡೆಯಲ್ಲಿರುವ ರಂಧ್ರಗಳಿಂದ ನೀರು ಒಳಗೆ ಇಳಿಯುತ್ತದೆ, ಕೊಳೆ ಹೊರಗೆ ನಿಲ್ಲುತ್ತದೆ. ಇದರ ಬಗ್ಗೆ ಇನ್ನು ತಲೆ ಕೆಡಿಸಿಕೊಳ್ಳಬೇಡಿ.

ತಲೆ ಕೆಡಿಸಿಕೊಳ್ಳಬೇಕಾದದ್ದು ಎತ್ತರದ ಬಗ್ಗೆ.

ಮೊದಲ ಸಲ ನಾನು ಮಾಡಿದ್ದು ಇಷ್ಟು: ಚೀಲದ ಬಾಯಿಗೆ ಫಿಲ್ಟರ್ ತಿರುಗಿಸಿ, ಕೊಂಬೆಗೆ ನೇತುಹಾಕಿ, ಕೆಳಗೆ ಬಾಟಲಿ ಇಟ್ಟೆ. ಪೈಪು ಇಲ್ಲ. ಕತ್ತಲಾಗುತ್ತಿತ್ತು, ಎಲ್ಲರಿಗೂ ಬಾಯಾರಿಕೆ. ಫಿಲ್ಟರ್ ತುದಿಯಲ್ಲಿ ಒಂದು ಹನಿ ದಪ್ಪ ಆಗುತ್ತಾ ಆಗುತ್ತಾ ಬಂದು, ಇನ್ನೇನು ಬಿತ್ತು ಅನ್ನುವಷ್ಟರಲ್ಲಿ ಮತ್ತೆ ಸ್ವಲ್ಪ ಹೊತ್ತು ನೇತಾಡಿ, ಆಮೇಲೆ ಟಪ್ ಅಂತ ಬೀಳುತ್ತಿತ್ತು. ನಾಲ್ಕು ಜನ ಸುತ್ತ ಕೂತು ಆ ಹನಿಯನ್ನೇ ನೋಡುತ್ತಿದ್ದೆವು. ಎರಡು ಲೀಟರಿಗೆ ಅರ್ಧ ಗಂಟೆ ಹಿಡಿಯಿತು. ಫಿಲ್ಟರ್ ಕೆಟ್ಟಿದೆ ಅಂತಲೇ ನನ್ನ ಲೆಕ್ಕ. ಜೊತೆಯಲ್ಲಿದ್ದವನೊಬ್ಬ ತನ್ನ ನೀರಿನ ಬ್ಯಾಗಿನಿಂದ ಪೈಪು ಕಿತ್ತು ಫಿಲ್ಟರ್ ತುದಿಗೆ ಸಿಕ್ಕಿಸಿದ. ಪೈಪು ತುಂಬಿಕೊಂಡಿತು. ಹನಿ ಹೋಗಿ ಸಣ್ಣ ಧಾರೆಯೇ ಶುರುವಾಯಿತು. ಅದೇ ಫಿಲ್ಟರ್, ಅದೇ ನೀರು.

ಕಾರಣ ಸರಳ. ನೀರನ್ನು ನೂಕುವುದು ಚೀಲದ ನೀರಿನ ಮಟ್ಟದಿಂದ ಪೈಪಿನ ಕೆಳ ತುದಿವರೆಗಿನ ಎತ್ತರ. ಒಂದು ಮೀಟರ್ ಎತ್ತರದ ನೀರು ಕೊಡುವ ಒತ್ತಡ ವಾತಾವರಣದ ಒತ್ತಡದ ಹತ್ತನೇ ಒಂದು ಪಾಲು ಮಾತ್ರ. ಕೈಯಲ್ಲಿ ಹಿಂಡಿದರೆ ಅದಕ್ಕಿಂತ ಎಷ್ಟೋ ಜಾಸ್ತಿ ಬರುತ್ತದೆ. ಹಾಗಾಗಿ ಗ್ರಾವಿಟಿಯಲ್ಲಿ ಒಂದೊಂದು ಗೇಣೂ ಲೆಕ್ಕಕ್ಕೆ ಬರುತ್ತದೆ. 30 ಸೆಂಟಿಮೀಟರ್ ಇದ್ದ ಎತ್ತರ 120 ಆದರೆ ಹರಿವು ಹೆಚ್ಚುಕಡಿಮೆ ನಾಲ್ಕು ಪಟ್ಟು. ಫಿಲ್ಟರ್ ಮೇಲಿದೆಯೋ ಮಧ್ಯದಲ್ಲಿದೆಯೋ ಅನ್ನುವುದರಿಂದ ವೇಗಕ್ಕೆ ದೊಡ್ಡ ವ್ಯತ್ಯಾಸ ಇಲ್ಲ. ಪೈಪು ಮಾತ್ರ ಪೂರ್ತಿ ತುಂಬಿರಬೇಕು. ಅದರ ಕೆಳ ತುದಿ ಬಾಟಲಿಯ ನೀರಿನಲ್ಲಿ ಮುಳುಗಿದ್ದರೆ ಇನ್ನೂ ಒಳ್ಳೆಯದು.

ಹಾಗಾಗಿ ನನ್ನ ಜೋಡಣೆ ಈಗ ಹೀಗಿದೆ. ಮೇಲೆ ಚೀಲ, ಅದರ ಬಾಯಿಗೆ ನೇರವಾಗಿ ಫಿಲ್ಟರ್, ಅದರ ಕೆಳಗೆ ಒಂದು ಮೀಟರಿಗೂ ಸ್ವಲ್ಪ ಉದ್ದದ ಪೈಪು, ಪೈಪಿನ ಮೇಲೆ ನೀರು ನಿಲ್ಲಿಸಲು ಒಂದು ಕ್ಲಿಪ್ಪು. ಪೈಪಿನ ಒಳ ಅಗಲ 6 ಮಿಲಿಮೀಟರ್ ಆಸುಪಾಸು, ಬೆನ್ನಿನ ನೀರಿನ ಬ್ಯಾಗಿನಲ್ಲಿ ಬರುತ್ತದಲ್ಲ, ಅಂಥದ್ದು.

ನಿಮ್ಮದೂ ಹೀಗೇ ಕೂರುತ್ತಾ ಅನ್ನುವುದು ಥ್ರೆಡ್, ಅಂದರೆ ಬಾಯಿಯ ತಿರುಪಿನ ಅಳತೆ ಮೇಲೆ ನಿಂತಿದೆ. ಸಾಯರ್ ಸ್ಕ್ವೀಜ್, ಪ್ಲಾಟಿಪಸ್ ಕ್ವಿಕ್‌ಡ್ರಾ ಇವುಗಳ ಬಾಯಿ 28 ಎಂಎಂ. ಮಾಮೂಲಿ ತಂಪು ಪಾನೀಯದ ಬಾಟಲಿ ಅಳತೆ. ಬಿಫ್ರೀ ಬಾಯಿ 42 ಎಂಎಂ. ಸಿಎನ್‌ಒಸಿ ವೆಕ್ಟೊ ಚೀಲ ಎರಡು ಅಳತೆಯಲ್ಲೂ ಬರುತ್ತದೆ, ಆದರೆ ತರಿಸುವಾಗ ಅಳತೆ ನೋಡದೆ ತರಿಸಿ ಕೈ ಸುಟ್ಟುಕೊಂಡವರು ಬಹಳ ಜನ. ನನಗೆ 28 ಎಂಎಂ ಇಷ್ಟ. ಚೀಲ ಹರಿದರೆ ಯಾವುದೋ ಖಾಲಿ ಬಾಟಲಿ ಹಾಕಿಯಾದರೂ ಕೆಲಸ ನಡೆಸಬಹುದು.

ಈಗ ಚೀಲ. ಇದಕ್ಕೇ ದುಡ್ಡು ಹಾಕಿ ಅಂದದ್ದು ಯಾಕೆ ಅಂದರೆ, ಫಿಲ್ಟರ್ ಜೊತೆ ಪುಕ್ಕಟೆ ಬರುವ ಸಣ್ಣ ಬಾಯಿಯ ಚೀಲಗಳಲ್ಲಿ ಎರಡು ತೊಂದರೆ. ಒಂದು, ಹೊಲಿಗೆಯ ಜಾಗದಲ್ಲಿ ಬೇಗ ಬಿಡುತ್ತವೆ. ಇನ್ನೊಂದು, ನಿಂತ ನೀರಿನಲ್ಲಿ ಅವು ತುಂಬುವುದೇ ಇಲ್ಲ. ಕೊಳದಲ್ಲಿ ಅದ್ದಿದರೆ ನೀರಿನ ಒತ್ತಡಕ್ಕೆ ಚೀಲವೇ ಚಪ್ಪಟೆಯಾಗಿ ಅಂಟಿಕೊಳ್ಳುತ್ತದೆ. ಒಂದು ಕಡೆ ಪೂರ್ತಿ ತೆರೆದುಕೊಳ್ಳುವ ಚೀಲ ಆದರೆ ಬೊಗಸೆಯಲ್ಲಿ ಎತ್ತಿದ ಹಾಗೆ ಒಂದೇ ಸಲಕ್ಕೆ ಮೊಗೆಯಬಹುದು. ತೊರೆ ತೀರಾ ಆಳ ಇಲ್ಲದಿದ್ದರೆ ಲೋಟದಿಂದ ತುಂಬಿಸುವುದಕ್ಕೂ ಸಲೀಸು.

ಎಷ್ಟು ದೊಡ್ಡದು? ನಾಲ್ಕು ಜನಕ್ಕೆ ಸಂಜೆ ಕುಡಿಯಲು, ಅಡುಗೆಗೆ, ಬೆಳಿಗ್ಗೆ ಬಾಟಲಿ ತುಂಬಿಸಿಕೊಳ್ಳಲು ಎಲ್ಲಾ ಸೇರಿ 12 ಲೀಟರ್ ಅಂತ ಹಿಡಿಯಿರಿ. 2 ಲೀಟರ್ ಚೀಲ ಆದರೆ ಆರು ಸಲ ಎದ್ದು ತೊರೆಗೆ ಹೋಗಬೇಕು. ಸುಸ್ತಾಗಿ ಕೂತ ಮೇಲೆ ಯಾರು ಏಳುತ್ತಾರೆ? 4ರಿಂದ 6 ಲೀಟರ್ ಇರಲಿ. ಅದಕ್ಕಿಂತ ದೊಡ್ಡದು ತುಂಬಿದಾಗ ಎತ್ತಿ ಕಟ್ಟುವುದೇ ಕಷ್ಟ. 10 ಲೀಟರ್ ಅಂದರೆ 10 ಕಿಲೋ, ಸಣ್ಣ ಕೊಂಬೆ ಬಗ್ಗುತ್ತದೆ. ಚೀಲಕ್ಕೆ ಗಟ್ಟಿ ಕುಣಿಕೆ ಇದೆಯಾ ಅಂತ ನೋಡಿ, ಮೂರ್ನಾಲ್ಕು ಮೀಟರ್ ಹಗ್ಗ ಇಟ್ಟುಕೊಳ್ಳಿ. ಮರವೇ ಇಲ್ಲದ ಬಯಲಾದರೆ ಬಂಡೆ ಮೇಲಿಟ್ಟು ಪೈಪನ್ನು ಕೆಳಕ್ಕೆ ಬಿಡಬಹುದು, ಇಳಿಜಾರು ಸಿಕ್ಕರೆ ಅದೇ ಸಾಕು.

ರೆಡಿಮೇಡ್ ಕಿಟ್ ಕೆಟ್ಟದ್ದು ಅಂತಲ್ಲ. ಗ್ರಾವಿಟಿವರ್ಕ್ಸ್‌ನ 4 ಲೀಟರ್ ಕಿಟ್‌ನಲ್ಲಿ ಎರಡೂ ಚೀಲ, ಪೈಪು, ಕ್ಲಿಪ್ಪು ಎಲ್ಲಾ ಹೊಂದಿಕೊಂಡೇ ಬರುತ್ತದೆ. ನಿಮಿಷಕ್ಕೆ 1.75 ಲೀಟರ್ ಅನ್ನುವುದು ಕಂಪನಿ ಹೇಳುವ ಲೆಕ್ಕ. ಅದು ಹೊಸ ಫಿಲ್ಟರ್, ತಿಳಿನೀರು ಇದ್ದಾಗಿನ ಮಾತು. ಬಗ್ಗಡ ನೀರಿನಲ್ಲಿ ಎರಡು ದಿನ ಕಳೆಯಲಿ, ಅರ್ಧಕ್ಕೆ ಇಳಿಯುತ್ತದೆ. ಕೈಯಲ್ಲಿ ಏನೂ ಇಲ್ಲದವರು, ಯಾವಾಗಲೂ ಗುಂಪಿನಲ್ಲೇ ಹೋಗುವವರು ಅದನ್ನೇ ತಗೊಳ್ಳಲಿ. ನಿಮಗೆ ಮಾತ್ರ ಬೇಡ ಅನ್ನುತ್ತೇನೆ, ಯಾಕಂದರೆ ಹಿಂಡುವ ಫಿಲ್ಟರ್ ದಾರಿಯಲ್ಲಿ ಒಬ್ಬೊಬ್ಬರಿಗೂ ಆಗುತ್ತದೆ, ಸಂಜೆ ನೇತುಹಾಕಲೂ ಆಗುತ್ತದೆ. ಒಂದು ಎಚ್ಚರ: ನಿಮ್ಮದು ಸ್ಕ್ವೀಜ್‌ಗಿಂತ ಚಿಕ್ಕದಾದ ಸಾಯರ್ ಮಿನಿ ಆಗಿದ್ದರೆ ಗ್ರಾವಿಟಿಗೆ ನಿಧಾನ. ನಾಲ್ಕು ಜನಕ್ಕೆ ಸ್ಕ್ವೀಜ್ ಇರಲಿ.

ನೀರು ಇದ್ದಕ್ಕಿದ್ದಂತೆ ನಿಂತುಬಿಟ್ಟರೆ ಫಿಲ್ಟರ್ ಕಟ್ಟಿಕೊಂಡಿದೆ ಅಂತ ಗಾಬರಿಯಾಗಬೇಡಿ. ಹತ್ತರಲ್ಲಿ ಎಂಟು ಸಲ ಅದು ಗಾಳಿ. ನೆನೆದ ನಾರಿನ ರಂಧ್ರ ನೀರನ್ನು ಬಿಡುತ್ತದೆ, ಗಾಳಿಯನ್ನು ಬಿಡುವುದಿಲ್ಲ. ಒಂದು ಗುಳ್ಳೆ ಬಾಯಿಗೆ ಅಡ್ಡ ಕೂತರೆ ಮುಗೀತು. ಪೈಪಿನ ತುದಿ ಸಿಕ್ಕಿಸಿರುವ ಬಾಟಲಿಯನ್ನು ಚೀಲಕ್ಕಿಂತ ಮೇಲಕ್ಕೆ ಎತ್ತಿ, ಪೈಪಿನ ತುದಿ ನೀರಿನೊಳಗೇ ಇರಲಿ. ಸೋಸಿದ ನೀರು ಸ್ವಲ್ಪ ಹಿಂದಕ್ಕೆ ಹರಿದು ಗುಳ್ಳೆಯನ್ನು ಚೀಲದೊಳಕ್ಕೆ ತಳ್ಳುತ್ತದೆ. ನಾರಿನ ಮೇಲಿನ ಕೊಳೆಯೂ ಒಂದಿಷ್ಟು ಬಿಡುತ್ತದೆ. ಚೀಲದ ಬಾಯಿಗೇ ಫಿಲ್ಟರ್ ಹಾಕುವುದರಲ್ಲಿ ಇನ್ನೊಂದು ಲಾಭ ಇದೇ, ಗುಳ್ಳೆಗೆ ಮೇಲೆ ಹೋಗಲು ದಾರಿ ಹತ್ತಿರ. ಬಾಟಲಿ ಬಾಯಿಗೆ ಪೈಪನ್ನು ಬಿಗಿಯಾಗಿ ಮುಚ್ಚಬೇಡಿ. ಒಳಗಿನ ಗಾಳಿ ಹೊರಗೆ ಬರದಿದ್ದರೆ ನೀರು ಹೇಗೆ ಒಳಗೆ ಹೋಗುತ್ತದೆ, ಅಲ್ವಾ?

ಇನ್ನೊಂದು ಸಣ್ಣ ವಿಷಯ, ಇದನ್ನು ಯಾರೂ ಹೇಳುವುದಿಲ್ಲ. ಚೀಲ ತುಂಬಿಸುವಾಗ ಅದರ ಹೊರಮೈ ಒದ್ದೆಯಾಗಿರುತ್ತದೆ. ಆ ಸೋಸದ ನೀರು ಫಿಲ್ಟರ್ ಮೇಲೆ ಇಳಿದು, ಪೈಪಿನ ಮೈಗುಂಟ ಜಾರಿ, ಸೀದಾ ನಿಮ್ಮ ಬಾಟಲಿಯೊಳಗೆ ಬೀಳುತ್ತದೆ. ಇದನ್ನು ಕಣ್ಣಾರೆ ಕಂಡ ದಿನ ನನಗೆ ನಗುವೂ ಬಂತು, ಹೊಟ್ಟೆಯೊಳಗೆ ಕಸಿವಿಸಿಯೂ ಆಯಿತು. ಅಷ್ಟು ದಿನ ಸೋಸಿದ್ದೇನು, ಕುಡಿದದ್ದೇನು! ಈಗ ಪೈಪಿನ ಮಧ್ಯಕ್ಕೆ ಒಂದು ದಪ್ಪ ದಾರ ಬಿಗಿಯಾಗಿ ಕಟ್ಟಿ ಬಾಲ ಇಳಿಬಿಟ್ಟಿದ್ದೇನೆ. ಹನಿ ಆ ದಾರ ಹಿಡಿದು ಪಕ್ಕಕ್ಕೆ ಬೀಳುತ್ತದೆ. ನೇತುಹಾಕುವ ಮೊದಲು ಚೀಲವನ್ನು ಬಟ್ಟೆಯಿಂದ ಒರೆಸಿದರೆ ಇನ್ನೂ ಕ್ಷೇಮ.

ರಾಡಿ ನೀರನ್ನು ನೇರವಾಗಿ ಫಿಲ್ಟರಿಗೆ ಕೊಡಬೇಡಿ. ಪಾತ್ರೆಯಲ್ಲಿ ಅರ್ಧ ಗಂಟೆ ಬಿಟ್ಟು, ಮೇಲಿನ ತಿಳಿಯನ್ನು ಬಟ್ಟೆಯಲ್ಲಿ ಸೋಸಿ ಚೀಲಕ್ಕೆ ಹಾಕಿ. ಹಿಮನದಿಯಿಂದ ಬರುವ ಹಾಲಿನ ಬಣ್ಣದ ನೀರಾದರೆ ರಾತ್ರಿಯಿಡೀ ಬಿಡಿ. ಅದರ ಹುಡಿ ಫಿಲ್ಟರನ್ನು ಬಹಳ ಬೇಗ ಕಟ್ಟಿಸುತ್ತದೆ. ದಿನಕ್ಕೊಮ್ಮೆ ಸೋಸಿದ ನೀರನ್ನೇ ಹಿಂದಿನಿಂದ ಜೋರಾಗಿ ನೂಕಿ ತೊಳೆಯಿರಿ. ಬಿಫ್ರೀ ಆದರೆ ಹಾಗೆ ನೂಕುವ ಹಾಗಿಲ್ಲ, ನೀರಿನಲ್ಲಿ ಅಲ್ಲಾಡಿಸಿ ತೊಳೆಯಬೇಕು ಅಷ್ಟೇ. ಎಲೆ ಕೊಳೆತು ಟೀ ಬಣ್ಣಕ್ಕೆ ತಿರುಗಿದ ನೀರು ಸೋಸಿದ ಮೇಲೂ ಟೀ ಬಣ್ಣದಲ್ಲೇ ಇರುತ್ತದೆ, ಅದಕ್ಕೆ ಹೆದರಬೇಕಿಲ್ಲ. ಹೆದರಬೇಕಾದ್ದು ಹಸಿರು ಬಣ್ಣ ಕಲಸಿದ ಹಾಗೆ ಪಾಚಿ ಕಟ್ಟಿದ ಕೊಳಕ್ಕೆ, ಗಣಿಯ ಅಥವಾ ಔಷಧಿ ಹೊಡೆದ ಹೊಲದ ಕೆಳಗಿನ ನೀರಿಗೆ. ನೀರಿನಲ್ಲಿ ಕರಗಿದ ವಿಷವನ್ನು ಈ ನಾರುಗಳು ತಡೆಯುವುದಿಲ್ಲ. ಕುದಿಸಿದರೂ ಅದು ಹೋಗುತ್ತದೆ ಅಂತ ನಂಬುವ ಹಾಗಿಲ್ಲ. ಅಂಥ ನೀರು ಬಿಟ್ಟು ಮುಂದೆ ನಡೆಯಿರಿ.

ಚಳಿ ಜಾಗಕ್ಕೆ ಹೋಗುತ್ತಿದ್ದರೆ, ಒಮ್ಮೆ ನೆನೆದ ಫಿಲ್ಟರ್ ಹೆಪ್ಪುಗಟ್ಟಬಾರದು. ಒಳಗಿನ ನೀರು ಮಂಜಾಗಿ ಹಿಗ್ಗಿದರೆ ನಾರು ಸೀಳುತ್ತದೆ. ಹೊರಗಿಂದ ಏನೂ ಕಾಣಿಸುವುದಿಲ್ಲ, ನೀರೂ ಮೊದಲಿಗಿಂತ ಚೆನ್ನಾಗೇ ಬರುತ್ತದೆ! ನಾನು ಒಂದನ್ನು ಟೆಂಟಿನ ಹೊರಗೆ ಮರೆತು ಬೆಳಿಗ್ಗೆ ಎಸೆಯಬೇಕಾಯಿತು. ಅವತ್ತಿನಿಂದ ರಾತ್ರಿ ಕವರಿನಲ್ಲಿ ಸುತ್ತಿ ಸ್ಲೀಪಿಂಗ್ ಬ್ಯಾಗಿನೊಳಗೆ ಇಟ್ಟುಕೊಳ್ಳುತ್ತೇನೆ.

ಇನ್ನು ವೈರಸ್. ನೊರೊವೈರಸ್, ಹೆಪಟೈಟಿಸ್ ಎ ಇವುಗಳ ಗಾತ್ರ 0.03 ಮೈಕ್ರಾನ್ ಆಸುಪಾಸು. 0.1ರ ರಂಧ್ರದಲ್ಲಿ ಆರಾಮಾಗಿ ದಾಟುತ್ತವೆ. ಎಂಎಸ್ಆರ್ ಗಾರ್ಡಿಯನ್ ಗ್ರಾವಿಟಿ, ಲೈಫ್‌ಸ್ಟ್ರಾ ಮಿಷನ್ ಇಂಥ ಫಿಲ್ಟರುಗಳ ರಂಧ್ರ 0.02, ಅವು ತಡೆಯುತ್ತವೆ. ಆದರೆ ಭಾರ ಜಾಸ್ತಿ, ವೇಗ ಕಡಿಮೆ. ಜನವಸತಿಗಿಂತ ಮೇಲಿರುವ ತೊರೆಯಾದರೆ ನಾನು ಬರೀ ಫಿಲ್ಟರಿನಲ್ಲೇ ಮುಗಿಸುತ್ತೇನೆ. ಊರಿನ ಕೆಳಗೆ ಅಥವಾ ಬಹಳ ಜನ ಬಿಡಾರ ಹೂಡುವ ಜಾಗದ ಕೆಳಗೆ ಆದರೆ ಸೋಸಿದ ಮೇಲೆ ಕ್ಲೋರಿನ್ ಮಾತ್ರೆ ಹಾಕಿ, ಪೊಟ್ಟಣದ ಮೇಲೆ ಬರೆದಷ್ಟು ಹೊತ್ತು ಕಾಯುತ್ತೇನೆ. ಇವೆರಡರ ಜೋಡಿ ಚೆನ್ನಾಗಿದೆ. ಕ್ಲೋರಿನ್‌ಗೆ ಬಗ್ಗದ ಕ್ರಿಪ್ಟೋವನ್ನು ಫಿಲ್ಟರ್ ಹಿಡಿಯುತ್ತದೆ, ಫಿಲ್ಟರಿನಿಂದ ತಪ್ಪಿಸಿಕೊಂಡ ವೈರಸ್ಸನ್ನು ಕ್ಲೋರಿನ್ ನೋಡಿಕೊಳ್ಳುತ್ತದೆ. ಅಡುಗೆಗೆ ಹೇಗೂ ಕುದಿಸುತ್ತೀರಿ. ಕೊತಕೊತ ಕುದಿ ಬಂದ ಮೇಲೆ ಒಂದು ನಿಮಿಷ ಸಾಕು, 2000 ಮೀಟರಿಗಿಂತ ಎತ್ತರದಲ್ಲಿ ಮೂರು ನಿಮಿಷ.

ಹೊರಡುವ ಮೊದಲು ಮನೆಯಲ್ಲೇ ಒಮ್ಮೆ ನೇತುಹಾಕಿ ಲೀಟರಿಗೆ ಎಷ್ಟು ಹೊತ್ತು ಹಿಡಿಯುತ್ತದೆ ನೋಡಿ, ಆ ಅಂಕಿಯನ್ನು ಫಿಲ್ಟರ್ ಮೇಲೆ ಮಾರ್ಕರಿನಲ್ಲಿ ಬರೆಯಿರಿ. ಮೂರನೇ ದಿನ ನಿಧಾನ ಆಯಿತು ಅನ್ನಿಸಿದಾಗ ಅದು ನಿಜವಾ, ಬರೀ ಬಾಯಾರಿಕೆಯ ಅವಸರವಾ ಅಂತ ಗೊತ್ತಾಗುತ್ತದೆ. ಫಿಲ್ಟರಿನ ಬಾಯಿಯೊಳಗಿನ ರಬ್ಬರ್ ವಾಷರ್ ಎರಡು ಜಾಸ್ತಿ ತಗೊಳ್ಳಿ. ಚೀಲ ಬಿಚ್ಚುವಾಗ ಅದು ಸದ್ದಿಲ್ಲದೆ ನೀರಿಗೆ ಬಿದ್ದು ಹೋಗುತ್ತದೆ, ಅದಿಲ್ಲದೆ ಸೋಸದ ನೀರು ಥ್ರೆಡ್ಡಿನಿಂದಲೇ ಸೋರುತ್ತದೆ. ನಾನು ಅವನ್ನು ಟೇಪಿನಲ್ಲಿ ಫಿಲ್ಟರ್ ಮೈಗೇ ಅಂಟಿಸಿಟ್ಟಿರುತ್ತೇನೆ.

ನಿಮ್ಮ ಫಿಲ್ಟರ್ ಯಾವುದು, ಬಾಯಿ ಎಷ್ಟು ಅಗಲ ಅಂತ ಬರೆದರೆ ಯಾವ ಚೀಲ ಕೂರುತ್ತದೆ ಅಂತ ಹೇಳುತ್ತೇನೆ.