ದವಡೆಯ ಮೂಳೆ ಸವೆದಿದೆ ಎಂದಿದ್ದಾರೆ. ಇಂಪ್ಲಾಂಟ್‌ಗೆ ಮೊದಲು ಕಾಫಿ ಬಿಡಬೇಕೋ, ಶನಿವಾರದ ಮದ್ಯ ಬಿಡಬೇಕೋ?

"ದಿನಕ್ಕೆ ನಾಲ್ಕು ಲೋಟ ಕಾಫಿ, ಶನಿವಾರ ಮಾತ್ರ ಒಂದು ಕ್ವಾರ್ಟರ್ ವಿಸ್ಕಿ" ಎಂಬ ನಿಮ್ಮ ಪತ್ರದ ಸಾಲನ್ನು ಓದಿದಾಗ ಕೆಲವು ವರ್ಷಗಳ ಹಿಂದೆ ನಾನೇ ಹೇಳಿಕೊಂಡದ್ದನ್ನು ಮತ್ತೆ ಕೇಳಿದಂತಾಯಿತು. ನನಗೂ ಕೆಳದವಡೆಯ ಬಲಭಾಗದಲ್ಲಿ ಹಲ್ಲುಗಳು ಅಲ್ಲಾಡಿ ಕೀಳಿಸಬೇಕಾಗಿ ಬಂದಿತ್ತು. ನನಗೂ ಇಡೀ ದವಡೆ ಕಾಣುವ ಓಪಿಜಿ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಇಲ್ಲಿ ಮೂಳೆ ಸಾಲದು, ಮೂಳೆ ತುಂಬಿಸುವ ಗ್ರಾಫ್ಟ್ ಹಾಕಿಯೇ ಇಂಪ್ಲಾಂಟ್, ಅಂದರೆ ಕೃತಕ ಹಲ್ಲನ್ನು ಹೊರುವ ಟೈಟೇನಿಯಂ ಸ್ಕ್ರೂ, ಕೂರಿಸಬೇಕು ಎಂದಿದ್ದರು. ಮತ್ತು ನಾನೂ ಮೊದಲು ಬಿಟ್ಟದ್ದು ಕಾಫಿಯನ್ನೇ.

ನಮ್ಮದು ಚಿಕ್ಕಮಗಳೂರು ಕಡೆಯ ಕಾಫಿ ಬೆಳೆಗಾರರ ಮನೆ. ಆ ಮನೆಯಲ್ಲಿ ಕಾಫಿ ಬಿಡುವುದೆಂದರೆ ಒಂದು ಸುದ್ದಿಯೇ. ಕಾಫಿ ಕುಡಿದರೆ ಮೂಳೆಯ ಸುಣ್ಣವೆಲ್ಲ ಮೂತ್ರದಲ್ಲಿ ಹೋಗಿಬಿಡುತ್ತದೆ ಎಂದು ದೊಡ್ಡಮ್ಮ ಎಲ್ಲಿಯೋ ಕೇಳಿಕೊಂಡು ಬಂದಿದ್ದರು. ನಾನು ಅದನ್ನು ನಂಬಿ ಒಂದೇ ಬೆಳಗ್ಗೆ ನಿಲ್ಲಿಸಿದೆ. ಅಭ್ಯಾಸವಿದ್ದವರು ಹಠಾತ್ತನೆ ಬಿಟ್ಟರೆ ಒಂದು ದಿನದೊಳಗೆ ತಲೆನೋವು ಶುರುವಾಗಿ ಕೆಲವು ದಿನ ಕಾಡುತ್ತದೆ, ನನಗೂ ಕಾಡಿತು. ಆ ತಲೆನೋವಿಗೆ ಸಂಜೆ ಒಂದು ಪೆಗ್ ಹೆಚ್ಚು ಹಾಕಿಕೊಂಡೆ. ಹೀಗೆ ಮೂಳೆ ಉಳಿಸಿಕೊಳ್ಳುವ ನನ್ನ ವ್ರತ ಆರಂಭವಾಯಿತು.

ಈಗ ನಿಜವಾಗಿ ನನಗೆ ನಷ್ಟ ಮಾಡಿದ ತಪ್ಪಿಗೆ ಬರುತ್ತೇನೆ. ಅದನ್ನು ವಿವರವಾಗಿಯೇ ಹೇಳಬೇಕು, ಏಕೆಂದರೆ ನೀವೂ ಅದನ್ನೇ ಮಾಡಲು ಹೊರಟಿದ್ದೀರಿ ಎಂಬ ಗುಮಾನಿ ನನಗಿದೆ.

ಮಂಗಳೂರಿನ ಒಂದು ಕ್ಲಿನಿಕ್‌ನಲ್ಲಿ ಶಸ್ತ್ರಚಿಕಿತ್ಸೆಗೆ ಮೊದಲು ತುಂಬಲು ಒಂದು ಹಾಳೆ ಕೊಟ್ಟರು. ಸಕ್ಕರೆ ಕಾಯಿಲೆ, ರಕ್ತದೊತ್ತಡ, ತೆಗೆದುಕೊಳ್ಳುವ ಮಾತ್ರೆಗಳು, ಅದರ ಕೆಳಗೆ ಮದ್ಯಪಾನ. ಅದರ ಮುಂದೆ ಮೂರು ಚೌಕಗಳಿದ್ದವು: ಇಲ್ಲ, ಅಪರೂಪಕ್ಕೆ, ನಿತ್ಯ. ನಾನು ನಡುವಿನದಕ್ಕೆ ಗುರುತು ಹಾಕಿದೆ. ಆಗ ನಾನು ಪ್ರತಿ ಸಂಜೆ ನೈಂಟಿ, ಅಂದರೆ 90 ಎಂಎಲ್, ಕುಡಿಯುತ್ತಿದ್ದೆ, ಶನಿವಾರ ಪ್ಲಾಂಟರ್ಸ್ ಕ್ಲಬ್ಬಿನಲ್ಲಿ ಲೆಕ್ಕವಿಡುತ್ತಿರಲಿಲ್ಲ. ಸುಳ್ಳು ಬರೆಯುತ್ತಿದ್ದೇನೆ ಎಂದು ಆ ಕ್ಷಣದಲ್ಲಿ ಅನ್ನಿಸಲೇ ಇಲ್ಲ ಎಂಬುದೇ ಸಂಗತಿ. ನಮ್ಮ ಬಳಗದಲ್ಲಿ "ನಿತ್ಯ ಕುಡಿಯುವವನು" ಎಂದರೆ ಬೆಳಗ್ಗೆಯೇ ಬಾಟಲಿ ತೆರೆಯುವವನು, ತೋಟ ಮಾರಿದವನು. ಸಂಜೆ ಏಳಕ್ಕೆ ಅಳತೆ ಹಾಕಿಕೊಂಡು, ಊಟ ಮಾಡಿ ಮಲಗುವವನನ್ನು ಹಾಗೆ ಕರೆಯುವ ರೂಢಿಯೇ ಇಲ್ಲ. ಜೊತೆಗೆ, ಪಕ್ಕದಲ್ಲಿ ಹೆಂಡತಿ ಕೂತಿದ್ದಳು. ಅವಳಿಗೆ ಗೊತ್ತಿಲ್ಲದ್ದೇನೂ ಇರಲಿಲ್ಲ, ಆದರೂ ಅವಳೆದುರಿಗೆ "ನಿತ್ಯ" ಎಂದು ಬರೆದರೆ ಅದು ಒಪ್ಪಿಕೊಂಡಂತಾಗುತ್ತಿತ್ತು. ಅವಳು ಹಾಳೆಯನ್ನು ನೋಡಿದಳು, ಏನೂ ಹೇಳಲಿಲ್ಲ. ಕಾಫಿಯ ವಿಷಯದಲ್ಲಿ ಮಾತ್ರ, ಯಾರೂ ಕೇಳದಿದ್ದರೂ, ಎಷ್ಟು ಲೋಟ, ಯಾವಾಗ ಬಿಟ್ಟೆ ಎಂಬುದನ್ನೆಲ್ಲ ಅಂಚಿನಲ್ಲಿ ಬರೆದಿದ್ದೆ.

ಆ ಒಂದು ಗುರುತಿನ ಪರಿಣಾಮ ಹೇಗೆ ಬೆಳೆಯಿತು ನೋಡಿ. ಅಪರೂಪಕ್ಕೆ ಕುಡಿಯುವವನು ಎಂದು ನಂಬಿದ ವೈದ್ಯೆ ಲಿವರ್ ಪರೀಕ್ಷೆಯನ್ನಾಗಲಿ ವಿಟಮಿನ್ ಡಿ ಪರೀಕ್ಷೆಯನ್ನಾಗಲಿ ಬರೆಯಲಿಲ್ಲ. ಶಸ್ತ್ರಚಿಕಿತ್ಸೆಯ ನಂತರ ಕೊಟ್ಟ ಮಾತ್ರೆಗಳಲ್ಲಿ ಮೆಟ್ರೊನಿಡಜೋಲ್ ಎಂಬ ಸೋಂಕುನಿವಾರಕ ಇತ್ತು; "ಇದರ ಜೊತೆ ಡ್ರಿಂಕ್ಸ್ ಬೇಡ ಸರ್, ವಾಂತಿಯಾಗುತ್ತೆ" ಎಂದಷ್ಟೇ ಹೇಳಿದರು. ಅಪರೂಪದವನಿಗೆ ಅಷ್ಟು ಸಾಕಿತ್ತು. ನಾನಾದರೋ ಆ ಮಾತನ್ನು ಪೂರ್ತಿ ಬೇರೆ ಅರ್ಥದಲ್ಲಿ ತೆಗೆದುಕೊಂಡೆ: ನಿಷೇಧ ಇರುವುದು ಮಾತ್ರೆಗೆ, ಮೂಳೆಗಲ್ಲ. ಮಾತ್ರೆ ಮುಗಿದು ಒಂದೆರಡು ದಿನ ಕಳೆದೊಡನೆ ನೈಂಟಿ ಮರಳಿ ಬಂತು, ಅದೂ ಶಿಸ್ತಿನಿಂದ ಕಾದಿದ್ದೇನೆ ಎಂಬ ಹೆಮ್ಮೆಯೊಂದಿಗೆ.

ಆದರೆ ಮೂಳೆಯ ಕೆಲಸ ಆಗಿನ್ನೂ ಶುರುವಾಗಿತ್ತಷ್ಟೇ. ಇಂಪ್ಲಾಂಟ್ ಕೂರಿಸಿದ ದಿನ ಅದನ್ನು ಹಿಡಿದಿರುವುದು ಸ್ಕ್ರೂವಿನ ಬಿಗಿತ ಮಾತ್ರ. ಮೊದಲ ವಾರಗಳಲ್ಲಿ ಸುತ್ತಲಿನ ಹಳೆಯ ಮೂಳೆ ಸ್ವಲ್ಪ ಕರಗುತ್ತದೆ, ಹೊಸ ಮೂಳೆ ಇನ್ನೂ ಗಟ್ಟಿಯಾಗಿರುವುದಿಲ್ಲ. ಆದ್ದರಿಂದ ಮೂರು ನಾಲ್ಕನೆಯ ವಾರದ ಹೊತ್ತಿಗೆ ಹಿಡಿತ ಮೊದಲ ದಿನಕ್ಕಿಂತಲೂ ಕಡಿಮೆಯಿರುತ್ತದೆ. ಟೈಟೇನಿಯಂ ಮತ್ತು ಮೂಳೆ ನಿಜವಾಗಿ ಕೂಡಿಕೊಳ್ಳಲು ಸಾಮಾನ್ಯವಾಗಿ ಮೂರರಿಂದ ಆರು ತಿಂಗಳು ಬೇಕು. ನಿರಂತರ ಮದ್ಯ ಇದೇ ಹೊತ್ತಿನಲ್ಲಿ ಹಲವು ಕಡೆಯಿಂದ ಕೈಹಾಕುತ್ತದೆ: ಹೊಸ ಮೂಳೆ ಕಟ್ಟುವ ಕೋಶಗಳನ್ನು ಕುಗ್ಗಿಸುತ್ತದೆ, ಲಿವರ್‌ನಲ್ಲಿ ವಿಟಮಿನ್ ಡಿ ಬಳಕೆಯ ರೂಪಕ್ಕೆ ಬದಲಾಗುವುದಕ್ಕೆ ಅಡ್ಡಿಯಾಗುತ್ತದೆ, ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳನ್ನು ಮಂಕಾಗಿಸುತ್ತದೆ, ಬಾಯಿಯನ್ನು ಒಣಗಿಸುತ್ತದೆ. ಇವೆಲ್ಲಕ್ಕಿಂತ ಸಾಮಾನ್ಯವಾದ, ಯಾವ ಪುಸ್ತಕವೂ ಬೇಕಿಲ್ಲದ ಕಾರಣ ಇನ್ನೊಂದಿದೆ: ಕುಡಿದು ಮಲಗುವವನು ರಾತ್ರಿ ಹಲ್ಲುಜ್ಜುವುದಿಲ್ಲ.

ಸ್ಕ್ರೂವಿನ ಮೇಲೆ ಕ್ಯಾಪ್, ಅಂದರೆ ಕೃತಕ ಹಲ್ಲು, ಹಾಕುವ ಹಂತಕ್ಕೆ ಬಂದಾಗ ವೈದ್ಯೆ ಚಿಕ್ಕ ಸ್ಪ್ಯಾನರ್‌ನಂತಹ ಉಪಕರಣವನ್ನು ಸಿಕ್ಕಿಸಿ ಮೆಲ್ಲನೆ ತಿರುಗಿಸಿದರು. ಮೇಲಿನ ತಿರುಪು ಬಿಗಿಯಾಗಬೇಕಿತ್ತು; ಬದಲಿಗೆ ಇಂಪ್ಲಾಂಟೇ ತಿರುಗಿತು, ಮತ್ತು ದವಡೆಯ ಆಳದಲ್ಲಿ ಮೊಂಡಾದ ನೋವು ಎದ್ದಿತು. ಅವರ ಕೈ ಅಲ್ಲಿಯೇ ನಿಂತಿತು. ಎಕ್ಸ್‌ರೇಯಲ್ಲಿ ಸ್ಕ್ರೂವಿನ ಸುತ್ತ, ಪೆನ್ಸಿಲ್‌ನಿಂದ ಎಳೆದಷ್ಟು ತೆಳುವಾದ ಕಪ್ಪು ಗೆರೆ ಕಾಣಿಸುತ್ತಿತ್ತು. ಮೂಳೆ ಬೆಳೆಯಬೇಕಿದ್ದ ಜಾಗದಲ್ಲಿ ಮೆದು ಅಂಗಾಂಶ ಬೆಳೆದಿತ್ತು. ಇಂಪ್ಲಾಂಟ್ ಬೆರಳಿನ ಬಲಕ್ಕೇ ಹೊರಬಂತು. ಗ್ರಾಫ್ಟ್‌ನ ಬಹುಪಾಲೂ ಹೋಗಿತ್ತು. ಆಗ ಅವರು ಹಳೆಯ ಹಾಳೆಯನ್ನು ತೆಗೆದು ನನ್ನ ಮುಂದಿಟ್ಟು, ಬೈಯದೆ, "ಇಲ್ಲಿ ಎಷ್ಟು ಎಂಎಲ್ ಅಂತ ಬರೆಯಿರಿ ಸರ್" ಎಂದರು. ಸೋಲಿಗೆ ಮದ್ಯವೊಂದೇ ಕಾರಣ ಎಂದು ಅವರೂ ಹೇಳಲಿಲ್ಲ, ನಾನೂ ಹೇಳುವುದಿಲ್ಲ. ಆದರೆ ನಂತರ ಮಾಡಿಸಿದ ರಕ್ತಪರೀಕ್ಷೆಯಲ್ಲಿ ವಿಟಮಿನ್ ಡಿ ತಳ ಹಿಡಿದಿತ್ತು, ಲಿವರ್‌ನ ಅಂಕಿಗಳು ಏರಿದ್ದವು. ಇದನ್ನು ಮೊದಲೇ ನೋಡಿದ್ದರೆ ಅವರು ಆಗ ಚಾಕು ಮುಟ್ಟುತ್ತಿರಲಿಲ್ಲ.

ಎಂಎಲ್‌ನ ಲೆಕ್ಕವನ್ನು ನೀವೂ ಮಾಡಿ ನೋಡಿ. ನಮ್ಮಲ್ಲಿ ಸಿಗುವ ವಿಸ್ಕಿ, ರಮ್ಮುಗಳ ಮದ್ಯಸಾರ ಸಾಮಾನ್ಯವಾಗಿ ಶೇ. 42.8. ಅಂದರೆ 30 ಎಂಎಲ್‌ನ ಸಣ್ಣ ಪೆಗ್‌ನಲ್ಲಿ ಸುಮಾರು 10 ಗ್ರಾಂ ಶುದ್ಧ ಆಲ್ಕೋಹಾಲ್ ಇರುತ್ತದೆ, 180 ಎಂಎಲ್‌ನ ಕ್ವಾರ್ಟರ್‌ನಲ್ಲಿ ಸುಮಾರು 60 ಗ್ರಾಂ. ತಿಂಗಳಿಗೊಮ್ಮೆಯಾದರೂ ಒಂದೇ ಕೂಟದಲ್ಲಿ 60 ಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಕುಡಿಯುವುದನ್ನೇ ವಿಶ್ವ ಆರೋಗ್ಯ ಸಂಸ್ಥೆ ವಿಪರೀತ ಕುಡಿತವೆಂದು ಎಣಿಸುತ್ತದೆ. ನಿಮ್ಮ "ಶನಿವಾರ ಮಾತ್ರ" ಎಂಬುದು ಆ ಗೆರೆಯ ಮೇಲೆಯೇ ನಿಂತಿದೆ, ಅದೂ ವಾರವಾರ. ಸ್ಪೇನಿನ ಗ್ರಾನಡಾದ ಸಂಶೋಧಕರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಿನಕ್ಕೆ 10 ಗ್ರಾಂಗಿಂತ ಹೆಚ್ಚು ಆಲ್ಕೋಹಾಲ್ ಸೇವಿಸುವವರಲ್ಲಿ ಇಂಪ್ಲಾಂಟ್‌ನ ಸುತ್ತಲಿನ ಮೂಳೆ ಹೆಚ್ಚು ಸವೆದಿತ್ತು, ತಂಬಾಕಿನವರಿಗಿಂತಲೂ ಹೆಚ್ಚಾಗಿ. ಹತ್ತು ಗ್ರಾಂ ಎಂದರೆ ನಾವು ಲೆಕ್ಕಕ್ಕೇ ಹಿಡಿಯದ ಆ ಒಂದು ಸಣ್ಣ ಪೆಗ್.

ಕಾಫಿಗೆ ಬರೋಣ. ಕೆಫೀನ್ ಮೂತ್ರದಲ್ಲಿ ಕ್ಯಾಲ್ಸಿಯಂ ಹೊರಹಾಕುವುದು ನಿಜ, ಅದರ ಹೀರಿಕೆಯನ್ನು ತುಸು ತಗ್ಗಿಸುವುದೂ ನಿಜ; ಆದರೆ ಮೊತ್ತ ಅತ್ಯಲ್ಪ. ಈ ವಿಷಯವನ್ನು ದಶಕಗಳ ಕಾಲ ಅಧ್ಯಯನ ಮಾಡಿದ ಅಮೆರಿಕದ ರಾಬರ್ಟ್ ಹೀನಿ 2002ರ ತಮ್ಮ ವಿಮರ್ಶೆಯಲ್ಲಿ, ಆ ನಷ್ಟವನ್ನು ತುಂಬಲು ಒಂದೆರಡು ದೊಡ್ಡ ಚಮಚ ಹಾಲು ಸಾಕು ಎಂದಿದ್ದಾರೆ. ನಮ್ಮ ಫಿಲ್ಟರ್ ಕಾಫಿಯ ಲೋಟದಲ್ಲಿ ಡಿಕಾಕ್ಷನ್‌ಗಿಂತ ಹಾಲೇ ಹೆಚ್ಚು. ಮೇಲಾಗಿ ಪುಡಿಯಲ್ಲಿ ಚಿಕೋರಿ ಬೆರೆತಿದ್ದರೆ ಅಷ್ಟರಮಟ್ಟಿಗೆ ಕೆಫೀನ್ ಕಡಿಮೆ, ಏಕೆಂದರೆ ಚಿಕೋರಿಯಲ್ಲಿ ಅದು ಇಲ್ಲವೇ ಇಲ್ಲ. (ಬೆಳೆಗಾರನಾಗಿ ಚಿಕೋರಿಯನ್ನು ಹೊಗಳಿದ್ದು ಇದೇ ಮೊದಲು.) ಪೂರ್ತಿ ರೊಬಸ್ಟಾ ಕುಡಿಯುವವರಿಗೆ ಅರೇಬಿಕಾಕ್ಕಿಂತ ಸುಮಾರು ಎರಡರಷ್ಟು ಕೆಫೀನ್ ಸಿಗುತ್ತದೆಂಬುದು ನೆನಪಿರಲಿ; ಗರ್ಭಿಣಿಯರನ್ನು ಬಿಟ್ಟು ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ 400 ಮಿಲಿಗ್ರಾಂವರೆಗೆ ತೊಂದರೆಯಿಲ್ಲ ಎಂದು ಯೂರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2015ರಲ್ಲಿ ಹೇಳಿದೆ. ಇಲಿಗಳಿಗೆ ದೊಡ್ಡ ಪ್ರಮಾಣದಲ್ಲಿ ಕೆಫೀನ್ ಕೊಟ್ಟಾಗ ದವಡೆ ಮೂಳೆ ಸವೆದ ಪ್ರಯೋಗಗಳಿವೆ. ಕಾಫಿಯಿಂದ ದವಡೆ ಮೂಳೆ ಸವೆಯುತ್ತದೆ ಎಂದು ನಿಮಗೆ ಬಂದ ಸಂದೇಶದ ಮೂಲ ಬಹುಶಃ ಅದೇ. ಮನುಷ್ಯರಲ್ಲಿ ನೋಡಿದರೆ, ಅಮೆರಿಕದ ಮಾಜಿ ಸೈನಿಕರಾದ 1,152 ಪುರುಷರ ಹಲ್ಲುಗಳನ್ನು 1968ರಿಂದ 1998ರವರೆಗೆ ಪರೀಕ್ಷಿಸಿದ ಮಾಹಿತಿಯನ್ನು ಬಾಸ್ಟನ್‌ನ ತಂಡವೊಂದು 2014ರಲ್ಲಿ ಪ್ರಕಟಿಸಿತು: ಕಾಫಿ ಕುಡಿಯುವವರಲ್ಲಿ ಮೂಳೆ ಸವೆದ ಹಲ್ಲುಗಳ ಸಂಖ್ಯೆ ಹೆಚ್ಚಾಗಿರಲಿಲ್ಲ, ತುಸು ಕಡಿಮೆಯೇ ಇತ್ತು. ಕಾಫಿ ಔಷಧವೆಂದು ಇದರಿಂದ ಸಾಬೀತಾಗುವುದಿಲ್ಲ, ಆದರೆ ನಿಮ್ಮ ಲೋಟವನ್ನು ಕಿತ್ತುಕೊಳ್ಳಲು ಇದರಲ್ಲಿ ಯಾವ ಆಧಾರವೂ ಇಲ್ಲ. ಸಕ್ಕರೆ ಕಡಿಮೆ ಮಾಡಿ, ಹಲ್ಲು ಕೀಳಿಸಿದ ಅಥವಾ ಶಸ್ತ್ರಚಿಕಿತ್ಸೆಯ ದಿನ ಬಿಸಿಯಾದದ್ದೇನನ್ನೂ ಕುಡಿಯಬೇಡಿ. ಅಲ್ಲಿಗೆ ಕಾಫಿಯ ವಿಚಾರ ಮುಗಿಯಿತು.

ಹಾಗಾಗಿ "ಎರಡರಲ್ಲಿ ಯಾವುದನ್ನು ಬಿಡಲಿ" ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟರೆ ಹಗುರವಾದದ್ದನ್ನು ಬಿಟ್ಟು ತ್ಯಾಗ ಮಾಡಿದೆವೆಂದು ಸಮಾಧಾನಪಟ್ಟುಕೊಳ್ಳುತ್ತೇವೆ. ನಾನು ಮಾಡಿದ್ದು ಅದನ್ನೇ. ಅಲ್ಲದೆ, ನಿಮ್ಮ ಹಲ್ಲಿನ ಸುತ್ತಲಿನ ಮೂಳೆ ಸವೆಯಲು ಮೊದಲ ಕಾರಣ ಬಹುತೇಕ ವಸಡಿನ ಸೋಂಕು. ಪಾಚಿ ಗಟ್ಟಿಯಾಗಿ ವಸಡಿನ ಕೆಳಗಿಳಿದು, ಅಲ್ಲಿನ ಉರಿಯೂತವೇ ಮೂಳೆಯನ್ನು ಕರಗಿಸುತ್ತದೆ. ಮದ್ಯ ಅದಕ್ಕೆ ಇಂಬು ಕೊಡುತ್ತದೆ. ಇಂಪ್ಲಾಂಟ್‌ನ ಮಾತಿಗೆ ಮೊದಲು ವಸಡಿನ ತಜ್ಞರ ಬಳಿ ಹೋಗಿ, ಪ್ರತಿ ಹಲ್ಲಿನ ಸುತ್ತ ವಸಡಿನ ಸಂದು ಎಷ್ಟು ಮಿಲಿಮೀಟರ್ ಆಳವಿದೆ ಎಂಬ ಚಾರ್ಟ್ ಬರೆಸಿಕೊಳ್ಳಿ. ಒಂದರಿಂದ ಮೂರು ಸಹಜ. ನಾಲ್ಕು ಮುಟ್ಟಿದರೆ ಗಮನ ಬೇಕು. ಆರು ದಾಟಿದ್ದರೆ ಅದನ್ನು ಸರಿಪಡಿಸದೆ ಪಕ್ಕದಲ್ಲಿ ಸ್ಕ್ರೂ ಹಾಕಿಸುವುದು ದುಡ್ಡು ಹೊಳೆಗೆ ಹಾಕಿದಂತೆ. ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ ಎಂದು ಹೇಳುವವರ ಮಾತು ಕೇಳಬೇಡಿ. ಹಲ್ಲು ಮೊದಲೇ ಸಡಿಲವಾಗಿರುತ್ತದೆ, ಗಾರೆಯಂತಿದ್ದ ಪಾಚಿ ಹೋದಾಗ ಅದು ತಿಳಿಯುತ್ತದೆ ಅಷ್ಟೇ. ಪೆಗ್ ಜೊತೆ ಸಿಗರೇಟು ಇದೆಯೇ ಎಂದು ನೀವು ಬರೆದಿಲ್ಲ. ಇದ್ದರೆ ಅದೂ ಹೋಗಬೇಕು, ಮತ್ತು ವಸಡಿನಲ್ಲಿ ರಕ್ತ ಬರುತ್ತಿಲ್ಲವೆಂದು ನೆಮ್ಮದಿಯಿಂದಿರಬೇಡಿ; ನಿಕೋಟಿನ್ ರಕ್ತನಾಳಗಳನ್ನು ಸಂಕುಚಿಸಿ ಆ ಲಕ್ಷಣವನ್ನು ಮುಚ್ಚಿಡುತ್ತದೆ.

ಹಾಳೆಯಲ್ಲಿ ಚೌಕಕ್ಕೆ ಗುರುತು ಹಾಕುವ ಬದಲು ವಾರಕ್ಕೆ ಎಷ್ಟು ಎಂಎಲ್ ಎಂದು ಬರೆಯಿರಿ. ಬಿಡುವ ಅವಧಿಯನ್ನು ಮಾತ್ರೆಯ ಪಟ್ಟಿಯಿಂದ ಅಳೆಯಬೇಡಿ, ಮೂಳೆ ಕೂಡುವ ತಿಂಗಳುಗಳಿಂದ ಅಳೆಯಿರಿ. ನನ್ನ ಮಟ್ಟಿಗೆ ಹೇಳುವುದಾದರೆ ಶಸ್ತ್ರಚಿಕಿತ್ಸೆಗೆ ಸಾಕಷ್ಟು ಮೊದಲೇ ನಿಲ್ಲಿಸಿ, ಕ್ಯಾಪ್ ಕೂರುವವರೆಗೆ ಮುಟ್ಟಲೇಬಾರದು. ಆದರೆ ನೀವು ಬರೆದದ್ದಕ್ಕಿಂತ ಹೆಚ್ಚು, ಅಂದರೆ ದಿನವೂ ಬಹಳವಾಗಿ ಕುಡಿಯುವವರಾಗಿದ್ದರೆ ಒಮ್ಮೆಲೇ ನಿಲ್ಲಿಸಬೇಡಿ. ಕೈನಡುಕ, ಬೆವರು, ಕೆಲವೊಮ್ಮೆ ಫಿಟ್ಸ್ ಕೂಡ ಬರಬಹುದು. ಹತ್ತಿರದ ಮನೋವೈದ್ಯರನ್ನಾಗಲಿ, ಬೆಂಗಳೂರಿನ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ವಿಭಾಗವನ್ನಾಗಲಿ ಕಂಡು ಅವರ ಸಲಹೆಯಂತೆ ನಿಲ್ಲಿಸಿ. ನನ್ನ ಎರಡನೆಯ ಇಂಪ್ಲಾಂಟ್ ನಿಂತಿದೆ. ಅದು ನಿಂತದ್ದು ಮತ್ತೊಂದು ಗ್ರಾಫ್ಟ್, ವಿಟಮಿನ್ ಡಿ, ವಸಡಿನ ಚಿಕಿತ್ಸೆ ಎಲ್ಲ ಆದ ಮೇಲೆ. ಕಾಫಿಗೆ ನಾನು ಅದಕ್ಕೂ ಎಷ್ಟೋ ಮೊದಲೇ ಮರಳಿದ್ದೆ.

ಆಲ್ಕೋಹಾಲ್ ಇರುವ ಮೌತ್‌ವಾಶ್ ಬಗ್ಗೆಯೂ ಕೇಳಿದ್ದೀರಿ. ಉಗುಳುವ ಆ ದ್ರವ ದವಡೆಯ ಮೂಳೆಯನ್ನು ಮುಟ್ಟುವುದಿಲ್ಲ, ಆದರೆ ಒಣಗಿದ ಬಾಯಿಯನ್ನು ಇನ್ನಷ್ಟು ಒಣಗಿಸುತ್ತದೆ ಮತ್ತು ಹೊಲಿಗೆಯ ಮೇಲೆ ಉರಿಯುತ್ತದೆ. ಅದಿಲ್ಲದ ಬಗೆಯೇ ಅಂಗಡಿಯಲ್ಲಿ ಸಿಗುತ್ತದೆ. ಶಸ್ತ್ರಚಿಕಿತ್ಸೆಯ ನಂತರ ಸಾಮಾನ್ಯವಾಗಿ ಕ್ಲೋರ್‌ಹೆಕ್ಸಿಡಿನ್ ಎಂಬ ಕ್ರಿಮಿನಾಶಕ ಮೌತ್‌ವಾಶ್ ಬರೆದುಕೊಡುತ್ತಾರೆ. ಅದರ ಜೊತೆ ಕಾಫಿ, ಚಹಾ ಸೇರಿದರೆ ಹಲ್ಲಿಗೆ ಕಂದು ಬಣ್ಣ ಹಿಡಿಯುತ್ತದೆ, ಆದ್ದರಿಂದ ಕಾಫಿ ಕುಡಿದು ಮುಗಿಸಿ, ಸ್ವಲ್ಪ ಹೊತ್ತು ಬಿಟ್ಟು ಮುಕ್ಕಳಿಸಿ. ಆದರೂ ಬಣ್ಣ ಹಿಡಿದರೆ ಗಾಬರಿ ಬೇಡ, ಮುಂದಿನ ಕ್ಲೀನಿಂಗ್‌ನಲ್ಲಿ ಹೋಗುತ್ತದೆ.