ಆ್ಯಕ್ಸೆಸ್‌ನಲ್ಲಿ ಸರಿಯಾಗಿರುವ ಡೇಟ್ ಫಂಕ್ಷನ್ ಮೇಲೆ ಎರರ್ ಯಾಕೆ ಬರುತ್ತದೆ?

ಚೆನ್ನಾಗಿ ಓಡುತ್ತಿದ್ದ ಆ್ಯಕ್ಸೆಸ್ (ಮೈಕ್ರೋಸಾಫ್ಟ್‌ನ ಡೇಟಾಬೇಸ್ ಪ್ರೋಗ್ರಾಮ್) ಫೈಲನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದರೆ ‘ಕಾಂಟ್ ಫೈಂಡ್ ಪ್ರಾಜೆಕ್ಟ್ ಆರ್ ಲೈಬ್ರರಿ’ ಅಂತ ಬಂದು, ಡೇಟ್ ಅಥವಾ ಲೆಫ್ಟ್ ಎಂಬ ಪದ ಹೈಲೈಟ್ ಆಗುತ್ತದೆ, ಅಲ್ವಾ? ಆ ಪದದಲ್ಲಿ ಏನೂ ತಪ್ಪಿಲ್ಲ. ಫೈಲಿಗೆ ಬೇಕಾದ ಇನ್ಯಾವುದೋ ಲೈಬ್ರರಿ, ಅಂದರೆ ಕೋಡ್ ಬಳಸಿಕೊಳ್ಳುವ ಸಿದ್ಧ ಸಾಮಗ್ರಿಯ ಫೈಲು, ಆ ಕಂಪ್ಯೂಟರಿನಲ್ಲಿ ಇಲ್ಲ, ಅಷ್ಟೇ.

ಡೇಟ್ ಅಂತ ಬರೀ ಹೆಸರು ಬರೆದಾಗ, ಅದು ಯಾವ ಲೈಬ್ರರಿಯದ್ದು ಎಂದು ವಿಬಿಎ (ಆ್ಯಕ್ಸೆಸ್‌ನಲ್ಲಿ ಕೋಡ್ ಬರೆಯುವ ಭಾಷೆ) ತಾನೇ ಹುಡುಕಬೇಕು. ಫೈಲಿಗೆ ಬೇಕಾದ ಲೈಬ್ರರಿಗಳ ಪಟ್ಟಿಯಲ್ಲಿ (ರೆಫರೆನ್ಸಸ್) ಒಂದು ಕಾಣೆಯಾಗಿದ್ದರೂ ಈ ಹುಡುಕಾಟ ಕೆಡುತ್ತದೆ. ಆಗ ಎದುರಿಗೆ ಸಿಕ್ಕ ಹೆಸರಿನ ಮೇಲೆ ದೂರು. ಅದಕ್ಕೇ ‘ವಿಬಿಎ.ಡೇಟ್’ ಅಂತ ಲೈಬ್ರರಿಯ ಹೆಸರು ಸೇರಿಸಿ ಬರೆದರೆ ಅದೇ ಸಾಲು ಸಾಮಾನ್ಯವಾಗಿ ಓಡುತ್ತದೆ! ಆದರೆ ಇದು ತೇಪೆ ಹಚ್ಚಿದ ಹಾಗೆ.

ಆಲ್ಟ್ ಮತ್ತು ಎಫ್11 ಒತ್ತಿ ಕೋಡ್ ಕಿಟಕಿಗೆ ಹೋಗಿ, ಟೂಲ್ಸ್ ಮೆನುವಿನಲ್ಲಿ ರೆಫರೆನ್ಸಸ್ ತೆರೆಯಿರಿ. ಅದು ಮಸುಕಾಗಿದ್ದರೆ ಕೋಡ್ ಇನ್ನೂ ನಡೆಯುತ್ತಿದೆ, ರೀಸೆಟ್ ಮಾಡಿ. ‘ಮಿಸ್ಸಿಂಗ್’ ಅಂತಿರುವ ಸಾಲು ಕಾಣುತ್ತದೆ. ಅದು ಬೇಡವಾದರೆ ಟಿಕ್ ತೆಗೆಯಿರಿ, ಬೇಕಾದರೆ ಆ ಲೈಬ್ರರಿ ಹಾಕಿಸಿ. ಆಮೇಲೆ ಡೀಬಗ್ ಮೆನುವಿನಿಂದ ಒಮ್ಮೆ ಕಂಪೈಲ್ ಮಾಡಿ.

ಜಾಸ್ತಿ ಸಲ ಸಿಕ್ಕಿಬೀಳುವುದು ಎಕ್ಸೆಲ್ ಅಥವಾ ಔಟ್‌ಲುಕ್ ಲೈಬ್ರರಿ. ಹೊಸ ಆಫೀಸ್‌ನಲ್ಲಿ ಮಾಡಿದ ಫೈಲನ್ನು ಹಳೇ ಆಫೀಸ್‌ನಲ್ಲಿ ತೆರೆದಾಗ ಹೀಗಾಗುತ್ತದೆ. ಇಂಥ ಕಡೆ ರೆಫರೆನ್ಸ್ ಇಡದೆ, ಕೋಡ್ ಓಡುವಾಗಲೇ ಆ ಪ್ರೋಗ್ರಾಮನ್ನು ಹುಡುಕಿಕೊಳ್ಳುವ ಕ್ರಿಯೇಟ್‌ಆಬ್ಜೆಕ್ಟ್ ಫಂಕ್ಷನ್ ಬಳಸುವುದೇ ವಾಸಿ.