ಹೈಸ್ಕೂಲ್ ಮಕ್ಳು ಅರ್ಧಕ್ಕೇ ಸ್ಕೂಲ್ ಬಿಡೋದನ್ನ ತಡೆಯೋದು ಹೇಗೆ?

ಮಂಡ್ಯ ಕಡೆ ಕಂಡಿದ್ದನ್ನ ಹೇಳ್ತೀನಿ. ಯಾರೂ ಒಂದೇ ದಿನಕ್ಕೆ ಸ್ಕೂಲ್ ಬಿಡಲ್ಲ ಕಣ್ರೀ, ಮೊದ್ಲು ಸೋಮವಾರ ಚಕ್ಕರ್, ಆಮೇಲೆ ಕಬ್ಬು ಕಡಿಯೋ ಟೈಮಲ್ಲಿ ವಾರಗಟ್ಲೆ ನಾಪತ್ತೆ, ಆಲೆಮನೇಲಿ ದುಡ್ದಿದ್ದು ಕೈಗೆ ಬಂತು ಅಂದ್ರೆ ಹುಡುಗ ವಾಪಸ್ ಬರೋದು ಕಷ್ಟ, ಅದಕ್ಕೇ ಎರಡ್ಮೂರು ದಿನ ಆಬ್ಸೆಂಟ್ ಕಂಡ ಕೂಡ್ಲೇ ಮೇಷ್ಟ್ರು ಮನೆಗೆ ಫೋನ್ ಮಾಡ್ಬೇಕು, ಎತ್ಲಿಲ್ವಾ, ಹೋಗೇ ಬರ್ಬೇಕು. ಆರ್‌ಟಿಇ (ಉಚಿತ, ಕಡ್ಡಾಯ ಶಿಕ್ಷಣದ ಹಕ್ಕು) ಕಾಯ್ದೆ ಬೇರೆ 14 ವರ್ಷಕ್ಕೇ ನಿಂತೋಗುತ್ತೆ, 9, 10ನೇ ಕ್ಲಾಸಿನ ಎಷ್ಟೋ ಮಕ್ಳು ಅದರಾಚೆ.

ಇನ್ನು ಹೈಸ್ಕೂಲಿಗೆ ಬಂದ್ರೂ ಭಾಗಾಕಾರ ಬರದೇ ಇರೋರಿಗೆ ಬೈದು ಏನೂ ಪ್ರಯೋಜನ ಇಲ್ಲ, ಸಂಜೆ ಕೂರಿಸ್ಕೊಂಡು ಹೇಳ್ಕೊಡ್ಬೇಕು (ಗೈಡ್ ಕೊಡ್ಸಿದ್ರೆ ಆಗೋ ಕೆಲ್ಸ ಅಲ್ಲ ಅದು).

ಹುಡ್ಗೀರಿಗೆ ಬಸ್ ಫ್ರೀ ಆಯ್ತು ಸರಿ, ಸ್ಟಾಪಿಂದ ಊರಿಗೆ ನಡಿಯೋ ಕತ್ತಲೆ ದಾರಿ, ನೀರಿಲ್ಲದ ಸ್ಕೂಲ್ ಟಾಯ್ಲೆಟ್ಟು, ಇವನ್ನ ಯಾರು ನೋಡ್ತಾರೆ? ದೂರ ಆದ್ರೆ ಬಿಸಿಎಂ (ಹಿಂದುಳಿದ ವರ್ಗಗಳ ಇಲಾಖೆ) ಹಾಸ್ಟೆಲ್‌ಗೆ ಅರ್ಜಿ ಹಾಕ್ಸಿ. ಮದ್ವೆ ಮಾತು ಕಿವಿಗೆ ಬಿತ್ತಾ, ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ.

ಎಸ್ಸೆಸ್ಸೆಲ್ಸಿ ಫೇಲಾದೋರಿಗೆ 2024ರಿಂದ ಪರೀಕ್ಷೆ-2 ಅಂತ ಅದೇ ವರ್ಷ ಮತ್ತೆ ಬರೆಯೋ ಚಾನ್ಸ್ ಇದೆ, ಅರ್ಜಿ ಹಾಕೋ ಕೊನೇ ದಿನ ಮನೆಯವ್ರಿಗೆ ಮೊದ್ಲೇ ತಿಳ್ಸಿ.